ಹೊಗೆ ಕಾಣದ ಹನ್ನೊಂದು ಮನೆ

ಬೆಳಗಿನ ಹೊತ್ತು ಬುರುಜಿನ ಮೇಲೆ ನಿಂತರೆ ನಮ್ಮ ಊರು ಬರೀ ಹೊಗೆಯಾಗಿ ಕಾಣುತ್ತಿತ್ತು. ಮಾಳಿಗೆಗಳ ಬೆಳಕಿಂಡಿಯಿಂದ ಒಂದೊಂದೇ ಎಳೆ ಮೇಲೇಳುವುದು, ಗಾಳಿ ಬೀಸಿದತ್ತ ವಾಲುವುದು. ಅದನ್ನು ಎಣಿಸುವುದು ನನ್ನ ಕೆಲಸ. ನಗಬೇಡಿ. ನಮ್ಮಪ್ಪ ಎಣಿಸಿದ್ದ, ಅವನಪ್ಪನೂ ಎಣಿಸಿದ್ದ. ಇಡೀ ಊರಿಗೆ ಸಂಬಂಧಪಟ್ಟ ಮಾತು ಬಂದರೆ ನಮ್ಮಲ್ಲಿ ಒಲೆಗೊಂದು ಮತ. ಆ ದಿನ ಬೆಳಿಗ್ಗೆ ಯಾರ ಒಲೆ ಹೊಗೆಯಾಡುತ್ತದೋ ಅವರ ಮನೆಗೆ ಮಾತ್ರ ನಾನು ಗಡಿಗೆ ಹೊತ್ತು ಹೋಗಬೇಕು. ಬಟ್ಟೆ ಕಟ್ಟಿದ ಗಡಿಗೆಯೊಳಗೆ ಕೈಬಿಟ್ಟು, ಹೌದಾದರೆ ಅವರೆ ಬೀಜ, ಅಲ್ಲವಾದರೆ ಹುಣಸೆ ಬೀಜ ಹಾಕುತ್ತಿದ್ದರು. ಮನೆಗೆ ಬೀಗ ಹಾಕಿ ಪರಸ್ಥಳಕ್ಕೆ ಹೋದವರ ಹೆಸರಿನಲ್ಲಿ ಇನ್ಯಾರೋ ಬೀಜ ಹಾಕಬಾರದೆಂದು ಹಿಂದಿನವರು ಮಾಡಿದ ಕಟ್ಟಳೆ ಅದು. ಒಳ್ಳೆಯ ಕಟ್ಟಳೆಯೇ, ತಪ್ಪೇನಿಲ್ಲ.

ಆ ವರ್ಷ ಎದ್ದ ಮಾತು ಬಣ್ಣದ ಕೇರಿಯದು. ಊರ ಮೇಲ್ಭಾಗದಲ್ಲಿ, ಕಾಲುವೆಯ ದಂಡೆಗೆ, ನೂಲಿಗೆ ನೀಲಿ ಹಾಕುವವರ ಹನ್ನೊಂದು ಮನೆಗಳಿದ್ದವು. ಅವರು ನೂಲು ಜಾಲಿಸಿದ ನೀರು ಕೆಳಗಿನ ಓಣಿಗಳಿಗೆ ನೀಲಿಯಾಗಿ ಇಳಿಯುತ್ತಿತ್ತು. ಕುಡಿಯುವುದಕ್ಕೂ ಅದೇ ನೀರು. ಕೆಳಗಿನ ಓಣಿಯ ಮಕ್ಕಳಿಗೆ ಹೊಟ್ಟೆನೋವು ಬಂದಾಗಲೆಲ್ಲ ಜನ ಆ ಕೇರಿಯತ್ತ ಬೆರಳು ತೋರಿಸುತ್ತಿದ್ದರು. ಕೇರಿ ಉಳಿಯಬೇಕೋ, ಹೊಳೆಯಾಚೆಗೆ ಹೋಗಬೇಕೋ? ಇದೊಂದೇ ಮಾತಿಗೆ ಅಣ್ಣತಮ್ಮಂದಿರು ಮುಖ ತಿರುವಿಕೊಂಡರು, ಬೀಗರು ಮಾತು ಬಿಟ್ಟರು.

ಆ ಕೇರಿಯ ಹಿರಿಸೊಸೆ ಹುಲಿಗೆವ್ವ. ನನಗಿಂತ ಹತ್ತಾರು ವರ್ಷ ದೊಡ್ಡವಳು, ನಾನು ಅಕ್ಕಾ ಎನ್ನುತ್ತಿದ್ದೆ. ಆಕೆಯ ಹಿತ್ತಲಲ್ಲಿ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ದೊಡ್ಡ ಗುಡಾಣವಿತ್ತು. ಹನ್ನೊಂದು ಮನೆಯ ನೂಲೂ ಅದರಲ್ಲೇ ಮುಳುಗಿ ಏಳಬೇಕು. ಆಕೆಯ ಅತ್ತೆಯ ಅತ್ತೆ ಹುದುಗು ಬರಿಸಿಟ್ಟ ನೀಲಿ ಅದು, ಅಂದಿನಿಂದ ಸತ್ತಿರಲಿಲ್ಲ. ದಿನಾ ಅದಕ್ಕೆ ಬೆಲ್ಲ, ಸುಣ್ಣ, ಬೇಯಿಸಿದ ತಗಚೆ ಬೀಜ ಉಣಿಸಬೇಕು, ಕದಡಬೇಕು. ಎಂಟು ಹತ್ತು ದಿನ ಕೈಬಿಟ್ಟರೆ ಕೊಳೆಯುತ್ತದೆ, ಗುಡಾಣ ಕೀಳಲು ಹೋದರೆ ಒಡೆಯುತ್ತದೆ. "ಮಕ್ಕಳನ್ನ ಕಂಕುಳಾಗ ಎತ್ಕೊಂಡು ಹೋಗಬಹುದು ತಮ್ಮಾ, ಇದನ್ನ ಹೆಂಗ ಎತ್ಕೊಂಡು ಹೋಗಲಿ?" ಎಂದು ಆಕೆ ಒಮ್ಮೆ ನನ್ನನ್ನೇ ಕೇಳಿದ್ದಳು.

ಮತದ ಹಿಂದಿನ ದಿನ ಹುಲಿಗೆವ್ವನ ಮಾವ ತೀರಿಕೊಂಡ. ಹನ್ನೊಂದು ಮನೆಯವರೂ ದಾಯಾದಿಗಳು. ಸಾವಾದ ಮನೆಯಲ್ಲೂ ದಾಯಾದಿಗಳ ಮನೆಯಲ್ಲೂ ಮೂರು ದಿನ ಒಲೆ ಹಚ್ಚುವಂತಿಲ್ಲ, ನೆಂಟರು ತಂದುಕೊಟ್ಟಿದ್ದನ್ನು ಉಣ್ಣಬೇಕು. ಮತವನ್ನು ಮೂರು ದಿನ ಮುಂದಕ್ಕೆ ಹಾಕಿ ಎಂದು ಆಕೆ ಊರ ಹಿರಿಯರಾದ ದ್ಯಾಮಣ್ಣನವರಿಗೆ ಹೇಳಿಕಳಿಸಿದಳು. "ಡಂಗುರ ಸಾರಿ ಆಗೇದ, ಈಗ ಮುಂದಕ ಹಾಕಾಕ ಹೆಂಗ ಬರ್ತದ?" ಎಂದರು ಅವರು.

ಮರುದಿನ ನಾನು ಬುರುಜು ಹತ್ತಿದೆ. ಊರ ತುಂಬ ಹೊಗೆ, ಕಾಲುವೆಯ ದಂಡೆಗೆ ಮಾತ್ರ ಆಕಾಶ ಸ್ವಚ್ಛ. ಅದು ಯಾಕೆ ಸ್ವಚ್ಛ ಎಂಬುದು ನನಗೆ ಗೊತ್ತಿರಲಿಲ್ಲವೆ? ಹಿಂದಿನ ಸಂಜೆ ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆದರೂ ಕಂಡಿದ್ದನ್ನಷ್ಟೇ ಎಣಿಸಿದೆ, ಹೊಗೆ ಕಂಡ ಮನೆಗಳಿಗಷ್ಟೇ ಹೋದೆ. ಏಳು ಹುಣಸೆ ಬೀಜ ಹೆಚ್ಚಿಗೆ ಬಂದವು, ಕೇರಿ ಉಳಿಯಬಾರದು ಎಂದಾಯಿತು.

ಕೇರಿಯವರು ಸೋತದ್ದು ಏಳು ಬೀಜದಿಂದ, ಅವರ ಹನ್ನೊಂದು ಮನೆಯನ್ನು ಕೇಳಿಯೇ ಇರಲಿಲ್ಲ. ಲೆಕ್ಕ ಬಾರದವರಿಗೂ ಇದು ತಿಳಿಯಿತು. ಮತ್ತೊಮ್ಮೆ ಕೇಳಲೇಬೇಕು ಎಂದು ಪಾಠಶಾಲೆಯ ವಿರೂಪಣ್ಣ ಮಾಸ್ತರು ಚಾವಡಿಯಲ್ಲಿ ಎದ್ದು ನಿಂತರು.

"ಒಮ್ಮೆ ಕೇಳಿದ್ದನ್ನ ಮತ್ತ ಕೇಳಿದ್ರ, ಮೊದಲು ಹೇಳಿದವ್ರು ಹುಚ್ಚರೇನ್ರಿ?" ಎಂದರು ದ್ಯಾಮಣ್ಣನವರು. "ನಾಳೆ ಸೋತವ್ರೆಲ್ಲಾ ಇನ್ನೊಮ್ಮೆ ಕೇಳ್ರಿ ಅಂತಾರ."

"ಹನ್ನೊಂದು ಮನಿ ಬಾಯಿ ಮುಚ್ಚಿಸಿ ಕೇಳಿದ್ದು ಕೇಳಿದ್ದಲ್ರೀ, ಹಿರಿಯರ."

"ನಾ ಎಲ್ಲಿ ಮುಚ್ಚಿಸೀನಿ? ಒಲ್ಯಾಗ ಒಂದು ಕುಳ್ಳು ಹೊತ್ತಿಸಿದ್ರ ಮುಗೀತಿತ್ತು."

ಕಂಬದ ಬಳಿ ಕೂತಿದ್ದ ಹುಲಿಗೆವ್ವ ಎದ್ದಳು. "ಮಾವನ ಚಿತಿ ಇನ್ನಾ ಆರಿದ್ದಿಲ್ರಿ. ಅವತ್ತ ನಾ ಒಲಿ ಹಚ್ಚಿದ್ರ, ನೀವ ನನ್ನ ಮಾರಿಗೆ ಉಗುಳ್ತಿದ್ರಿ."

ಅವಳು ಹೇಳಿದ್ದು ನಿಜ. ನಾನೂ ಉಗುಳುತ್ತಿದ್ದೆ.

ಹಾಗೆಂದು ದ್ಯಾಮಣ್ಣನವರು ಕೆಟ್ಟವರಲ್ಲ. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು, ಮಾಸ್ತರು ಹೇಳಿದ್ದರಲ್ಲೂ ಇತ್ತು. ದರಿದ್ರದ್ದು ಅದೇ! ಸಭೆಯ ಮೇಲೆ ಸಭೆ ನಡೆಯಿತು. ಅಷ್ಟರಲ್ಲಿ ಕೇರಿ ಬಿಡಲು ಊರು ಕೊಟ್ಟ ಗಡುವು ಮುಗಿದು ಕೇರಿಯವರು ತಲೆಯ ಮೇಲೆ ಗಂಟು ಹೊತ್ತು ಹೊಳೆ ದಾಟಿದರು. ಈಗ ಹೊಸ ತಕರಾರು ಹುಟ್ಟಿತು. ಹೊಳೆಯಾಚೆಯ ಒಲೆ ನಮ್ಮೂರ ಒಲೆಯೇ? ಅಲ್ಲವಾದರೆ ಅವರಿಗೆ ಮತವಿಲ್ಲ. ಮತ ಬೇಕಾದರೆ ಇಲ್ಲಿ ಬಂದು ಒಲೆ ಹಚ್ಚಬೇಕು. ಇಲ್ಲಿ ಬಂದು ಒಲೆ ಹಚ್ಚಬಹುದೋ ಇಲ್ಲವೋ ಎಂಬುದೇ ಊರು ತೀರ್ಮಾನಿಸಬೇಕಾದ ಮಾತು! ಕೊನೆಗೊಬ್ಬ ಮಹಾನುಭಾವ, ಮತ್ತೆ ಕೇಳಬೇಕೋ ಬೇಡವೋ ಎಂದೇ ಮೊದಲು ಊರನ್ನು ಕೇಳೋಣ ಅಂದ. ಎಲ್ಲರೂ ತಲೆದೂಗಿದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮತ್ತೆ ಬುರುಜು ಹತ್ತಿದೆ, ಮತ್ತೆ ಹೊಗೆ ಎಣಿಸಿದೆ. ಕೇಳಬೇಕು ಎಂದಾಯಿತು. ಯಾವತ್ತು ಎಂಬುದು ಮಾತ್ರ ಆಗಲಿಲ್ಲ.

ಇಷ್ಟು ದಿನವೂ ಹುಲಿಗೆವ್ವ ಹರಿಗೋಲಿನಲ್ಲಿ ಬಂದು, ಗುಡಾಣಕ್ಕೆ ಉಣಿಸಿ, ಕದಡಿ, ಸದ್ದಿಲ್ಲದೆ ಹೋಗುತ್ತಿದ್ದಳು. ಅದರ ಮೇಲೂ ಊರ ಕಣ್ಣು ಬಿತ್ತು. ತೀರ್ಮಾನಕ್ಕೆ ಮೊದಲೇ ಆಕೆ ಬಂದು ಕೆಲಸ ಹೂಡಿದರೆ ಗೆದ್ದಂತೆಯೇ ಅಲ್ಲವೇ ಎಂದು ದೂರು ಬಂತು. ಈ ಸಲ ಮಾಸ್ತರೂ ಹೂಂಗುಟ್ಟಿದರು. "ನಾಳೆ ಯಾರೂ ಬೆರಳು ತೋರಿಸಬಾರದು. ಮತ ಆಗೂತನಕ, ಎಂಟು ದಿನದ ಮಾತು, ಬರೋದು ನಿಲ್ಲಿಸಲಿ" ಅಂದರು. ಸುದ್ದಿ ಮುಟ್ಟಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಹೊಳೆಯ ದಂಡೆಯಲ್ಲಿ ಆಕೆಯನ್ನು ತಡೆದು ಹೇಳಿದೆ. ಆಕೆಯ ಕೈಯಲ್ಲಿ ಬೆಲ್ಲದ ಗಂಟಿತ್ತು.

"ಎಂಟು ದಿನ ತಡಕೊಳ್ತದ," ಎಂದಳು. "ಅದರ ಮ್ಯಾಲ ಒಂದಿನ ಆಗೂ ಹಂಗಿದ್ರ ಹೇಳು ತಮ್ಮಾ. ಬಂದು ಒಂದ್ಸಲ ಕದಡಿ ಹೋಗ್ತೀನಿ."

ಒಂಬತ್ತನೇ ದಿನ ಆಕೆ ಬರಲು ಒಪ್ಪಿಗೆ ಕೇಳಲೆಂದು ದ್ಯಾಮಣ್ಣನವರ ಕಟ್ಟೆಗೆ ಹೋದೆ. ಇನ್ನು ನಾಲ್ಕೇ ದಿನ ಎಂದರು. ಮಾಸ್ತರ ಮನೆಗೆ ಹೋದೆ. ಈಗ ನಿಯಮ ಮುರಿದರೆ ಎಲ್ಲಾ ಹಾಳಾಗುತ್ತದೆ ಎಂದರು. ತಡೆಯಲಾರದೆ ನಾನೇ ಒಂದಿಷ್ಟು ಬೆಲ್ಲ, ಸುಣ್ಣ ಕಟ್ಟಿಕೊಂಡು ಆ ಹಿತ್ತಲಿಗೆ ಹೋಗಿ ಗುಡಾಣಕ್ಕೆ ಸುರಿದೆ. ಎಷ್ಟು ಹಾಕಬೇಕು, ಎತ್ತ ಕದಡಬೇಕು ನನಗೇನು ಗೊತ್ತು? ಎರಡೇ ದಿನಕ್ಕೆ ಕೊಳೆತ ವಾಸನೆ ಕಾಲುವೆಯುದ್ದಕ್ಕೂ ಹಬ್ಬಿತು. ಅದು ತಾನಾಗಿ ಸತ್ತಿತೋ, ನಾನು ಕೊಂದೆನೋ, ಇವತ್ತಿಗೂ ನನಗೆ ತಿಳಿಯದು.

ಎಂಟು ದಿನ ಎಂದಿದ್ದು ಒಂದೂವರೆ ತಿಂಗಳಾದ ಮೇಲೆ ಮತ ನಡೆಯಿತು. ಕಟ್ಟಳೆ ಹಳೆಯದೇ, ಹೊಳೆಯಾಚೆಯ ಒಲೆಗಳಿಗೆ ಬೀಜವಿಲ್ಲ. ಆದರೂ ಊರಿಗೆ ಪಶ್ಚಾತ್ತಾಪವಾಗಿತ್ತು. ಕೇರಿ ಹೋದ ಮೇಲೂ ಮಕ್ಕಳ ಹೊಟ್ಟೆನೋವು ನಿಂತಿರಲಿಲ್ಲ. ಗಡಿಗೆ ಬೋರಲು ಹಾಕಿದರೆ ಎಲ್ಲೆಲ್ಲೂ ಅವರೆ ಬೀಜ. ಮಾಸ್ತರು ದ್ಯಾಮಣ್ಣನವರನ್ನು ತಬ್ಬಿಕೊಂಡರು. ನಾನು ಊಟವನ್ನೂ ಮಾಡದೆ ಹರಿಗೋಲು ಹತ್ತಿದೆ.

ಹೊಳೆಯಾಚೆ ಇಟ್ಟಿಗೆ ಭಟ್ಟಿಯ ಬಯಲಲ್ಲಿ ಹುಲಿಗೆವ್ವ ಹಸಿ ಇಟ್ಟಿಗೆಗಳನ್ನು ಬಿಸಿಲಿಗೆ ಮಗುಚುತ್ತಿದ್ದಳು.

"ಅಕ್ಕಾ, ಬರ್ರಿ ಅಂತ ಊರು ಹೇಳೇತಿ. ಗೆದ್ದೀರಿ!"

ಆಕೆ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತಳು. "ಗುಡಾಣದ ವಾಸನಿ ಇಲ್ಲೀತನಕ ಬಂದಿತ್ತು ತಮ್ಮಾ."

"ಹೊಸಾದು ಹೂಡೋಣ. ನಾವೆಲ್ಲಾ ಕೈ ಹಚ್ಚತೀವಿ."

"ಹೂಡಬಹುದು. ಹೂಡಿದ್ರ ಅದೂ ದಿನಾ ಉಣ್ಣಾಕ ಕೇಳ್ತದ." ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡಳು. "ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ. ಮೊದಲನೇ ಸಲ ನೀ ಏನ್ ಹಾಕಿದ್ದಿ?"

ಬೀಜದ ಮಾತು ಯಾರೂ ಯಾರನ್ನೂ ಕೇಳುವಂತಿಲ್ಲ. ಆಗ ಕೆಳಗಿನ ಓಣಿಯ ನಮ್ಮ ಮನೆಯಲ್ಲಿ ನನ್ನ ಮಗಳೂ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದುದನ್ನು ಹೇಳಬಹುದಿತ್ತು.

"ಹುಣಸಿ," ಎಂದೆ.

"ಈ ಸಲ?"

"ಅವರಿ."

"ಮೂರನೇ ಸಲ ಕೇಳಿದ್ರ?"

ಸಿಟ್ಟಿನಿಂದ ಕೇಳಲಿಲ್ಲ ಆಕೆ. ಸಂತೆಯಲ್ಲಿ ದರ ವಿಚಾರಿಸುವವರ ಹಾಗೆ ಕೇಳಿದಳು. ಇನ್ನೆಂದೂ ಹುಣಸೆ ಹಾಕೆನು ಎಂದು ಆಣೆ ಮಾಡಬೇಕೆನಿಸಿತು. ಆದರೆ ಮೊದಲ ಸಲ ಹುಣಸೆ ಹಾಕುವಾಗಲೂ ನಾನು ಹಿಂದೆಮುಂದೆ ನೋಡಿರಲಿಲ್ಲ.

ಆಕೆ ಕಾಯಲಿಲ್ಲ. ಬಗ್ಗಿ ಮುಂದಿನ ಇಟ್ಟಿಗೆಗೆ ಕೈ ಹಾಕಿದಳು. ಹರಿಗೋಲಿನವನು ಎರಡು ಸಲ ಕೂಗಿದ. ನಾನು ಪಂಚೆ ಮೇಲೆತ್ತಿ ಕಟ್ಟಿ ಆಕೆಯ ಪಕ್ಕದ ಸಾಲಿಗೆ ಕೂತು, ಹಸಿ ಬದಿ ಬಿಸಿಲಿಗೆ ಬರುವಂತೆ ಒಂದೊಂದೇ ಇಟ್ಟಿಗೆಯನ್ನು ಮಗುಚತೊಡಗಿದೆ.