ನಾಲ್ಕನೆಯ ನಳಿಕೆ

ಮೆಕ್ಯಾನಿಕ್ ಪಿಲ್‌ಸು ಬಾಟಲಿ ತುಂಬುವ ಯಂತ್ರದ ನಾಲ್ಕನೆಯ ನಳಿಕೆಯನ್ನು ಬಿಚ್ಚಿ, ಅದರ ಬಾಯೊಳಗಿನ ರಬ್ಬರ್ ಉಂಗುರವನ್ನು ಉಗುರಿನಿಂದ ಎಬ್ಬಿಸುತ್ತಿದ್ದಾಗ ಒಕ್‌ಜಾ ಬಂದು ಬೆನ್ನ ಹಿಂದೆ ನಿಂತಳು. ಅವಳು ಬಾಟಲಿಗಳಿಗೆ ಲೇಬಲ್ ಅಂಟಿಸುವವಳು. ಇವತ್ತು ತಲೆಯಿಂದ ಕಾಲಿನವರೆಗೆ ಕಪ್ಪು ಉಟ್ಟಿದ್ದಳು.

"ಬುನ್ರೆ ಅಕ್ಕನ ಹೆಣದ ಬಸ್ಸು ಆಸ್ಪತ್ರೆ ಬಿಟ್ಟಾಯ್ತಂತೆ. ಮಣ್ಣಿಗೆ ಹೋಗೋ ಮುಂಚೆ ಕೊನೇ ಸಲ ಅವಳು ನಮ್ಮ ಗೇಟಿಗೆ ಬರೋ ಹೊತ್ತಿಗೆ ನೀನಿಲ್ಲಿ ಕೈಯೆಲ್ಲ ಗ್ರೀಸ್ ಮಾಡ್ಕೊಂಡು ಕೂತಿದೀಯಲ್ಲ, ಮಾರಾಯ!"

ಉಂಗುರ ಹೊರಬಂತು. ಪಿಲ್‌ಸು ಅದನ್ನು ಮುಚ್ಚಿಡುವ ಮೊದಲೇ ಒಕ್‌ಜಾ ಕಿತ್ತುಕೊಂಡು ಬೆಳಕಿಗೆ ಹಿಡಿದಳು.

"ಇದು ಸವೆದಿದ್ದಲ್ಲ. ಬ್ಲೇಡಲ್ಲಿ ಕೊಯ್ದಿದ್ದು."

ಅವನು ಹೊಸ ಉಂಗುರ ಕೂರಿಸಿ ತಿರುಪು ಬಿಗಿಯತೊಡಗಿದ.

"ಎಷ್ಟು ವರ್ಷದಿಂದ?"

"ಹನ್ನೊಂದು. ವರ್ಷಕ್ಕೊಂದು ಹೊಸದು ಕೊಯ್ದು ಹಾಕ್ತಿದ್ದೆ."

ಒಕ್‌ಜಾ ಅಲ್ಲೇ ಖಾಲಿ ಕ್ರೇಟಿನ ಮೇಲೆ ಕೂತಳು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿ ಹೇಳಿದಳು: "ಅಕ್ಕನ ಮಗಳ ಮುಂದೆ ಬಾಯಿ ಬಿಟ್ಟೀಯ, ಜೋಕೆ. ತಾಯಿ ಇನ್ನೂ ಮಣ್ಣಿಗೆ ಹೋಗಿಲ್ಲ."

*

ಮಿರ್ಯಾಂಗ್ ಊರಿನ ಆ ಸೋಯಾ ಸಾಸ್ ಕಾರ್ಖಾನೆಗೆ ಎಂಟು ನಳಿಕೆಗಳ ಯಂತ್ರ ಬರುವವರೆಗೂ ನಾಲ್ವರು ಹೆಂಗಸರು ಆಲಿಕೆ ಇಟ್ಟು ಬಾಟಲಿ ತುಂಬುತ್ತಿದ್ದರು. ಯಂತ್ರ ಬಂದ ವಾರದಲ್ಲಿ ಮೂವರು ಮನೆಗೆ ಹೋದರು. ಗಂಡನಿಲ್ಲದ ಬುನ್ರೆಗೆ ಮಾತ್ರ ತಿಂಗಳ ಕೊನೆಯವರೆಗೆ ಗಡುವು ಸಿಕ್ಕಿತ್ತು. ಕೊನೆಯ ದಿನ ಸಂಜೆ ಅವಳು ತನ್ನ ರಬ್ಬರ್ ಬೂಟುಗಳನ್ನು ತೊಳೆದು, ನಾಳೆಯೂ ಬರುವವಳ ಹಾಗೆ ಗೋಡೆಗೆ ಬೋರಲು ಇಟ್ಟದ್ದನ್ನು ಪಿಲ್‌ಸು ನೋಡಿದ.

ಮರುದಿನ ನಾಲ್ಕನೆಯ ನಳಿಕೆಯ ಬಾಟಲಿಗಳು ಎರಡು ಬೆರಳಿನಷ್ಟು ಕಡಿಮೆ ಬಂದವು.

ಮಾಲೀಕರು ಓಡಿ ಬಂದರು. ಪಿಲ್‌ಸು ಅವರೆದುರಿಗೇ ಒಂದೊಂದಾಗಿ ಪರೀಕ್ಷೆ ಮಾಡಿ ತೋರಿಸಿದ. ತೊಟ್ಟಿಯ ಮಟ್ಟ ಸರಿಯಿತ್ತು. ಕೊಳವೆ ಹಿಂಡಿದರೆ ಗಾಳಿಯ ಗುಳ್ಳೆ ಬರಲಿಲ್ಲ. ನೊರೆ ಏಳುತ್ತಿದೆಯೇನೋ ಎಂದು ಸಾಸನ್ನು ಇನ್ನಷ್ಟು ಆರಿಸಿ ಬಿಟ್ಟ. ಬಾಟಲಿಯ ಕುತ್ತಿಗೆ ನಳಿಕೆಯ ನೇರಕ್ಕೇ ನಿಲ್ಲುತ್ತಿತ್ತು. ಇಷ್ಟಾದ ಮೇಲೆ ಉಳಿಯುವುದು ಉಂಗುರವೊಂದೇ. ಅದನ್ನು ಮಾತ್ರ ಅವನು ಬಿಚ್ಚಲಿಲ್ಲ.

"ಇದರ ಹುಟ್ಟುಗುಣಾನೇ ಹೀಗೆ ಸಾರ್. ರಿಪೇರಿ ಆಗಲ್ಲ."

"ಹಾಗಾದ್ರೆ ಆ ಬುನ್ರೆ ಇರ್ಲಿ ಬಿಡು. ಕಮ್ಮಿ ಬಂದಿದ್ದನ್ನ ತುಂಬಲಿ."

ಅಂದಿನಿಂದ ಬುನ್ರೆ ಒದ್ದೆ ನೆಲದ ಮೇಲೆ ಕೆಟಲ್ ಹಿಡಿದು ನಿಂತಳು. ಎಂಟಕ್ಕೊಂದು ಬಾಟಲಿ ಹಿಡಿ, ತುಂಬು, ಬಿಡು. "ಇದು ನನ್ನ ಕೂಸು ಕಣೋ. ಎಷ್ಟು ಕುಡಿಸಿದ್ರೂ ಹೊಟ್ಟೆ ತುಂಬಲ್ಲ," ಎನ್ನುತ್ತಿದ್ದಳು. ಆ ಕೆಟಲಿನಲ್ಲೇ ಮಗಳು ಇನ್‌ಸುಕ್‌ಳ ಓದು ಮುಗಿಯಿತು.

*

ಈ ವರ್ಷದ ಬೇಸಿಗೆಯಲ್ಲಿ ಅವಳು ಒಂದು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ತುಂಬತೊಡಗಿದಳು.

"ಮೂರು ದಿನ ಆಸ್ಪತ್ರೇಲಿ ಇರ್ಬೇಕಂತೆ. ಒಳಗೆಲ್ಲ ನೋಡ್ತಾರಂತೆ."

"ಹೋಗ್ಬಾ ಅಕ್ಕ. ನಾನು ತುಂಬ್ತೀನಿ."

"ನೀನಾ? ಬಾಟ್ಲಿಗಿಂತ ನೆಲಕ್ಕೇ ಜಾಸ್ತಿ ಕುಡಿಸ್ತೀಯ. ಚುಸೋಕ್ ಹಬ್ಬದ ಸರಕು ಹೋಗ್ಲಿ, ಆಮೇಲೆ ನೋಡೋಣ."

ಪಿಲ್‌ಸು ನಕ್ಕ. ಒಳ್ಳೆಯ ಉಂಗುರ ಅವನ ಜೇಬಿನಲ್ಲೇ ಇತ್ತು. ಆದರೆ ಅವಳಿಲ್ಲದೆ ಯಂತ್ರ ಮೂರು ದಿನ ಸರಿಯಾಗಿ ಓಡಿದರೆ ನಾಲ್ಕನೆಯ ದಿನ ಮಾಲೀಕರು ಅವಳನ್ನು ಯಾಕೆ ಕರೆಯುತ್ತಾರೆ? ಅವನು ಇನ್ನೊಂದು ಸಲ ಹೋಗು ಎನ್ನಲಿಲ್ಲ.

ಹಬ್ಬ ಕಳೆದ ಮೇಲೆ ವೈದ್ಯರು ಹೊಟ್ಟೆ ತೆರೆದು, ನೋಡಿ, ಹಾಗೆಯೇ ಹೊಲಿದರು. ನಲವತ್ತು ದಿನ ಪಿಲ್‌ಸು ಅವಳ ಕೆಟಲ್ ಹಿಡಿದು ನಿಂತ. ನೋಡಲು ಹೋದಾಗಲೆಲ್ಲ ಅವಳು ಕೇಳುತ್ತಿದ್ದಳು, "ನನ್ನ ಕೂಸು ಹೆಂಗಿದೆ?"

"ನೀನಿಲ್ದೆ ಅಳ್ತಾ ಇದೆ."

"ಬರ್ತೀನಿ ಅಂತ ಹೇಳು."

*

ಗೇಟಿನ ಬಳಿ ಬಸ್ಸು ನಿಂತಿತು. ಪುಟ್ಟ ಮೇಜಿನ ಮೇಲೆ ಅಕ್ಕಿ ಕಡುಬು, ಒಣಮೀನು ಇಟ್ಟು ಲೋಟಕ್ಕೆ ಮದ್ಯ ಸುರಿದರು. ಎಲ್ಲರೂ ಎರಡೆರಡು ಸಲ ಅಡ್ಡಬಿದ್ದರು. ಎದ್ದ ಮೇಲೆ ಇನ್‌ಸುಕ್ ತಾಯಿಯ ಫೋಟೋ ಹಿಡಿದು ನೇರ ಪಿಲ್‌ಸುವಿನ ಹತ್ತಿರ ಬಂದಳು.

"ಮಾಮ, ಅಮ್ಮ ನಿಲ್ತಿದ್ದ ಜಾಗ ತೋರ್ಸಿ."

ಒಳಗೆ, ಅವಳು ತಾಯಿಯ ಜಾಗದಲ್ಲೇ ನಿಂತು ಫೋಟೋವನ್ನು ಯಂತ್ರದ ಕಡೆಗೆ ಹಿಡಿದಳು. "ಒಂದ್ಸಲ ಓಡ್ಸಿ. ಮೊನ್ನೆ ಮಾತು ನಿಲ್ಲೋವರ್ಗೂ ಅಮ್ಮ ಇದರ ಬಗ್ಗೇನೇ ಕೇಳ್ತಿದ್ಲು. ಅವಳನ್ನ ಆಸ್ಪತ್ರೆಗೆ ಹೋಗೋಕೆ ಬಿಡದ ಆ ನಳಿಕೆ ಯಾವ್ದು, ನಾನೂ ನೋಡ್ಬೇಕು."

ಬಾಗಿಲಲ್ಲಿ ಒಕ್‌ಜಾ ತಲೆಯಾಡಿಸಿ ಬೇಡವೆಂದಳು. ಪಿಲ್‌ಸು ಗುಂಡಿ ಒತ್ತಿದ.

ಎಂಟು ಬಾಟಲಿಗಳು ಬಂದವು. ಮತ್ತೆ ಎಂಟು. ಕಪ್ಪು ಗೆರೆ ಎಲ್ಲದರಲ್ಲೂ ಒಂದೇ ಎತ್ತರ. ಇನ್‌ಸುಕ್ ಬಗ್ಗಿ ಬಗ್ಗಿ ನೋಡಿದಳು.

"ಯಾವ್ದು ಕಮ್ಮಿ ಬರೋದು?"

"ಇವತ್ತು ಹೆಂಗೋ ಸರಿಯಾಗ್ಬಿಟ್ಟಿದೆ ಮಗಳೇ," ಒಕ್‌ಜಾ ಅವಸರದಲ್ಲಿ ಹೇಳಿದಳು. "ಯಂತ್ರಕ್ಕೂ ಗೊತ್ತಾಗುತ್ತೆ, ಯಾರು ಹೋದ್ರು ಅಂತ."

ಇನ್‌ಸುಕ್‌ಳ ಮುಖ ಸಡಿಲಾಯಿತು. ಅವಳು ಅದನ್ನು ನಂಬಲು ಹೊರಟಿದ್ದಳು. ಪಿಲ್‌ಸುವಿಗೆ ಅದನ್ನು ನೋಡಲಾಗಲಿಲ್ಲ.

"ನಾನು ಸರಿ ಮಾಡ್ದೆ," ಎಂದ. "ಬೆಳಿಗ್ಗೆ."

"ರಿಪೇರಿನೇ ಆಗಲ್ಲ ಅಂತಿದ್ಲಲ್ಲ ಅಮ್ಮ?"

"ಆಗ್ತಿತ್ತು. ಅವಳ ಕೆಲಸ ಉಳೀಲಿ ಅಂತ ನಾನೇ ಕೆಡಿಸಿಟ್ಟಿದ್ದೆ."

ಅವಳು ಅವನನ್ನೇ ನೋಡಿದಳು. "ಸರಿ ಮಾಡೋಕೆ ಎಷ್ಟು ಹೊತ್ತು ಹಿಡೀತು?"

ಒಂದು ದಿನ ಎನ್ನಬಹುದಿತ್ತು. ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?

"ಹತ್ತು ನಿಮಿಷ."

ತುಂಬಿದ ಬಾಟಲಿಗಳು ಒಂದರ ಹಿಂದೊಂದು ಸಾಗುತ್ತಲೇ ಇದ್ದವು. ಇನ್‌ಸುಕ್ ಫೋಟೋವನ್ನು ನಿಧಾನವಾಗಿ ತಿರುಗಿಸಿ, ತಾಯಿಯ ಮುಖವನ್ನು ತನ್ನ ಎದೆಗೆ ಒತ್ತಿ ಹಿಡಿದಳು.