ಒಂದು ಬತ್ತು

"ನಲವತ್ತೆಂಟು," ಎಂದುಬಿಟ್ಟಳು ಹುಡುಗಿ, ಪ್ರಶ್ನೆ ಕೇಳಿದ ಟೀಚರ್ ಇನ್ನೂ ಬಾಯಿ ಮುಚ್ಚುವ ಮೊದಲೇ.

ಹತ್ತೊಂಬತ್ತಕ್ಕೆ ಇಪ್ಪತ್ತೊಂಬತ್ತು ಕೂಡಿಸು ಎಂದು ಕೇಳಿದ್ದರು. ಮೂರನೆಯ ತರಗತಿಯ ಮಕ್ಕಳು ಇಂಥ ಲೆಕ್ಕ ಬಂದರೆ ಮೊದಲು ಸೂರು ನೋಡುತ್ತಾರೆ, ಆಮೇಲೆ ತಮ್ಮ ಬೆರಳು ನೋಡುತ್ತಾರೆ, ಅದೂ ಸಾಲದಿದ್ದರೆ ಪಕ್ಕದವರ ಬೆರಳನ್ನು ಸಾಲ ಕೇಳುತ್ತಾರೆ. ಈ ಹುಡುಗಿ ಯಾವುದನ್ನೂ ನೋಡಲಿಲ್ಲ. ಕಿಟಕಿ ಪಕ್ಕದ ಗಿಡ್ಡ ಮೇಜಿಗೆ ಮೊಣಕೈ ಊರಿ, ಹೊರಗೆ ಒಣಹಾಕಿದ್ದ ನೆಲ ಒರೆಸುವ ಬಟ್ಟೆ ಗಾಳಿಗೆ ಆಡುವುದನ್ನು ನೋಡುತ್ತಿದ್ದಳು, ಅಷ್ಟೆ.

"ಹೇಗೆ ಮಾಡಿದೆ?" ಎಂದರು ಟೀಚರ್.

"ಇಪ್ಪತ್ತು, ಮೂವತ್ತು, ಐವತ್ತು. ಅದ್ರಲ್ಲಿ ಎರಡು ಬತ್ತಿದಾವಲ್ಲ. ನಲವತ್ತೆಂಟು."

"ಎರಡು ಏನಾಗಿದಾವೆ?"

"ಬತ್ತಿದಾವೆ." ಇಷ್ಟೂ ಗೊತ್ತಿಲ್ಲದವರಿಗೆ ಟೀಚರ್ ಕೆಲಸ ಕೊಟ್ಟವರು ಯಾರು ಎಂಬಂತಿತ್ತು ಅವಳ ಮುಖ.

ಶಾಲೆ ಶುರುವಾದ ಮೊದಲ ವಾರಗಳಲ್ಲಿ ಈ ಟೀಚರ್ ಗಣಿತದ ಪುಸ್ತಕ ತೆರೆಯುವುದೇ ಇಲ್ಲ. ಒಂದೊಂದೇ ಮಗುವನ್ನು ಕಿಟಕಿ ಪಕ್ಕಕ್ಕೆ ಕರೆದು ಕೂರಿಸಿಕೊಂಡು ಒಂದಿಷ್ಟು ಲೆಕ್ಕ ಕೇಳುತ್ತಾರೆ, ಉತ್ತರ ಸರಿಯಿದ್ದರೂ "ಹೇಗೆ ಮಾಡಿದೆ?", ತಪ್ಪಿದ್ದರೂ "ಹೇಗೆ ಮಾಡಿದೆ?". ಜೊತೆಯ ಟೀಚರುಗಳು ಅವರಿಗೆ 'ಹೇಗ್ಮಾಡ್ದೆ ಮೇಡಂ' ಎಂದೇ ಹೆಸರಿಟ್ಟಿದ್ದರು. ಅವರಿಗೆ ಅದರಿಂದ ಬೇಸರವಿರಲಿಲ್ಲ. ದೊಡ್ಡ ಅಂಕಿಯಿಂದ ಸಣ್ಣ ಅಂಕಿಯನ್ನೇ ಕಳೆಯುವ ಒಬ್ಬ ಹುಡುಗ, ಅದು ಮೇಲಿರಲಿ ಕೆಳಗಿರಲಿ ಹಾಗೇ ಮಾಡುತ್ತಿದ್ದವನು, "ಸಣ್ಣವರ ಹತ್ರ ಕಿತ್ಕೋಬಾರ್ದು ಅಂತ ಅಜ್ಜಿ ಹೇಳಿದಾರೆ" ಎಂದು ಕಾರಣ ಕೊಟ್ಟದ್ದು ಇದೇ ಮೇಜಿನಲ್ಲಿ. ಇಂಥದ್ದೊಂದು ಸಿಕ್ಕಿದರೆ ಅವರಿಗೆ ಆ ದಿನ ಊಟ ಹೆಚ್ಚಾಗಿ ಸೇರುತ್ತಿತ್ತು.

ಆದರೆ ಈ ಹುಡುಗಿಯ ವಿಷಯದಲ್ಲಿ ಹಾಗೆ ನಿಧಾನವಾಗಿ ಕೂತು ಕೇಳುವಷ್ಟು ಹೊತ್ತಿರಲಿಲ್ಲ. ಅವಳು ಬೇರೆ ಶಾಲೆಯಿಂದ ಹೊಸದಾಗಿ ಬಂದವಳು. ಕಡ್ಡಿಯಂತಿದ್ದಳಾದ್ದರಿಂದ ಮನೆಯಲ್ಲಿ ಕಡ್ಡಿ ಎಂದೇ ಕರೆಯುತ್ತಿದ್ದರು. ಅವಳೊಂದಿಗೆ ಎರಡನೆಯ ತರಗತಿಗೆ ಸೇರಿದ್ದ ತಂಗಿ ಉಂಡೆ. ಸೇರಿಸಿಕೊಳ್ಳುವ ದಿನ ಹೆಡ್‌ಮೇಡಂ ಕಡ್ಡಿಯನ್ನು ನಿಲ್ಲಿಸಿಕೊಂಡು, ಎಂಬತ್ತರಿಂದ ಐದು ಕಳೆದರೆ ಎಷ್ಟು ಎಂದು ಕೇಳಿದ್ದರು. ಸ್ಲೇಟಿನ ಮೇಲೆ ಅಂಕಿಯಲ್ಲಿ ಎಂಬತ್ತೇಳು ಬರೆದಳು. ಕಳೆದರೆ ಹೆಚ್ಚಾಗುವುದುಂಟೆ? ಹೋಗಲಿ, ಒಂದು ಕಳಿ ಎಂದರು. ತೊಂಬತ್ತೊಂದು ಬರೆದಳು. ಹೋಗಲಿ, ಎಂಬತ್ತು ಅಂತಾದರೂ ಬರಿ ತಾಯಿ ಎಂದರೆ ತೊಂಬತ್ತೆರಡು ಬರೆದು ತೋರಿಸಿದಳು. ನೋಯುವ ಹಲ್ಲಿನ ಬಳಿಗೇ ನಾಲಿಗೆ ಹೋಗುವಂತೆ ಅವರು ಮತ್ತೆ ಮತ್ತೆ ಅಲ್ಲೇ ಕೇಳಿದರು, ಅವಳು ಮತ್ತೆ ಮತ್ತೆ ತಪ್ಪಿದಳು. ಸದ್ಯಕ್ಕೆ ಮೂರನೆಯದರಲ್ಲೇ ಕೂರಲಿ, ತಾಯಿ ಬಂದ ದಿನ ಎರಡನೆಯದಕ್ಕೆ ಇಳಿಸೋಣ ಎಂದು ತೀರ್ಮಾನವಾಯಿತು. ತಾಯಿ ಇವತ್ತು ಬರುವವಳಿದ್ದಳು.

ಎರಡನೆಯ ತರಗತಿ ಎಂದರೆ ಉಂಡೆಯ ತರಗತಿ. ತಂಗಿಯ ಪಕ್ಕದಲ್ಲಿ, ತಂಗಿಯ ಪುಸ್ತಕ ಹಿಡಿದು ಕೂರುವುದು. ಆ ಸುದ್ದಿ ಕಿವಿಗೆ ಬಿದ್ದಂದಿನಿಂದ ಹುಡುಗಿ ಶಾಲೆಯಲ್ಲಿ ಸರಿಯಾಗಿ ಬಾಯಿ ಬಿಟ್ಟದ್ದೇ ಈಗ.

"ಬತ್ತೋದು ಅಂದ್ರೆ? ನಂಗೆ ಸ್ವಲ್ಪ ಬಿಡಿಸಿ ಹೇಳಮ್ಮ," ಎಂದರು ಟೀಚರ್.

"ತೊಟ್ಟಿಲಿ ನೀರು ಬತ್ತುತ್ತಲ್ಲ, ಹಂಗೆ. ಹತ್ತು ಇರುತ್ತೆ. ಅದ್ರಲ್ಲಿ ಒಂದು ಬತ್ತೋಗುತ್ತೆ. ಒಂದು ಬತ್ತು." ಹುಡುಗಿ ಬೇಗ ಬೇಗ ಹೇಳಿ ತೋರಿಸಿದಳು. "ಒಂದ್‌ಬತ್ತು, ಒಂಬತ್ತು. ಅದಕ್ಕೇ ಅದಕ್ಕೆ ಆ ಹೆಸರು."

ಟೀಚರ್ ಹುಟ್ಟಿದಾರಭ್ಯ ಒಂಬತ್ತು ಎನ್ನುತ್ತ ಬಂದವರು. ಅದರ ಹೊಟ್ಟೆಯೊಳಗೆ ಏನಿದೆ ಎಂದು ಒಂದು ದಿನವೂ ಇಣುಕಿ ನೋಡಿದವರಲ್ಲ.

"ಇದನ್ನ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಹಳೇ ಸ್ಕೂಲಲ್ಲಿ ಬರೀ ನೈನ್, ಟೆನ್ ಅಂತಿದ್ರು. ರಜೇಲಿ ಅಮ್ಮ ಇಪ್ಪತ್ತರವರೆಗೆ ಹೇಳಿಕೊಟ್ಲು, ಆಮೇಲೆ ಅವಳಿಗೆ ಡ್ಯೂಟಿ ಬಂತು. ಮಿಕ್ಕಿದ್ದು ನಾನೇ ಕಂಡುಹಿಡ್ಕೊಂಡೆ."

ಟೀಚರಿಗೆ ಏನೋ ಹೊಳೆದಂತಾಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಹಾಗಾದ್ರೆ ಎಂಬತ್ತು?"

"ಎಂಟು ಬತ್ತು."

"ಎಷ್ಟರಲ್ಲಿ ಎಂಟು?"

"ನೂರರಲ್ಲಿ. ಹತ್ತರಲ್ಲಿ ಎಂಟು ಬತ್ತಿದ್ರೆ ಎರಡಾಗುತ್ತೆ, ಎರಡಕ್ಕೆ ಆಗ್ಲೇ ಎರಡು ಅಂತ ಹೆಸರಿದೆಯಲ್ಲ. ಅದಕ್ಕೇ ನೂರರಲ್ಲೇ ಇರ್ಬೇಕು. ತೊಂಬತ್ತೆರಡು." ಹೇಳಿದ ಮೇಲೆ ಅವಳ ದನಿ ಇಳಿಯಿತು. "ಹೆಡ್‌ಮೇಡಂ ತಪ್ಪು ಅಂದ್ರು. ಯಾಕೆ ಅಂತ ಹೇಳ್ಲಿಲ್ಲ."

ಟೀಚರ್ ಕಿಟಕಿ ಕಡೆಗೆ ಮುಖ ತಿರುಗಿಸಿಕೊಂಡು ನಕ್ಕರು. ಹುಡುಗಿಗೆ ತನ್ನನ್ನು ನೋಡಿ ನಕ್ಕರು ಅನಿಸಬಾರದಲ್ಲ! ತೊಂಬತ್ತೆರಡರಿಂದ ಐದು ಕಳೆದರೆ ಎಂಬತ್ತೇಳು. ಒಂದು ಕಳೆದರೆ ತೊಂಬತ್ತೊಂದು. ಎಲ್ಲವೂ ಸರಿ, ಎಲ್ಲವೂ ಕಟ್ಟುನಿಟ್ಟು. ಇಷ್ಟು ಚೊಕ್ಕವಾಗಿ ತಪ್ಪು ಮಾಡಿದ ಮಗುವನ್ನು ಅವರು ಕಂಡಿರಲಿಲ್ಲ. ಎಂಬತ್ತು ಅಂದರೆ ಎಂಟು ಹತ್ತು ಕಣೆ ಎಂದು ಕಿವಿಯಲ್ಲಿ ಉಸುರಿದ್ದರೆ ಸಾಕಿತ್ತು, ಹುಡುಗಿ ಕ್ಷಣದಲ್ಲಿ ಪಾರಾಗುತ್ತಿದ್ದಳು. ಮಾತು ನಾಲಿಗೆಯ ತುದಿಯವರೆಗೂ ಬಂತು. ಆದರೆ ಹಾಗೆ ಹೇಳಿಬಿಟ್ಟರೆ ಹೆಡ್‌ಮೇಡಂಗೆ ಸಿಗುವುದು ಬರೀ ಸರಿಯುತ್ತರ. ಈ ತಲೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಟೀಚರ್ ನಾಲಿಗೆ ಕಚ್ಚಿಕೊಂಡು ಸುಮ್ಮನಾದರು. ಆಯಾ ಬಂದು, ತಾಯಿ ಬಂದಿದಾರೆ, ಹೆಡ್‌ಮೇಡಂ ಕರೀತಿದಾರೆ ಎಂದಾಗ ಹುಡುಗಿಯ ಕೈ ಹಿಡಿದು ಹೊರಟರು. ಮಾಡಿದ್ದು ಸರಿಯೋ ಅತಿಯಾಯಿತೋ ಅವರಿಗೇ ಗೊತ್ತಿರಲಿಲ್ಲ.

ತಾಯಿ ಬಸ್ ಓಡಿಸುವವಳು. ಎರಡು ಟ್ರಿಪ್ಪುಗಳ ನಡುವೆ ಖಾಕಿ ಅಂಗಿಯಲ್ಲೇ ಬಂದು, ಕುರ್ಚಿಯ ತುದಿಯಲ್ಲಿ ಈಗಲೋ ಆಗಲೋ ಏಳುವವಳಂತೆ ಕೂತಿದ್ದಳು.

"ಇಳಿಸಿಬಿಡಿ ಮೇಡಂ, ಏನ್ಮಾಡೋದು," ಎನ್ನುತ್ತಿದ್ದಳು. "ನಾನು ಕೂತು ಹೇಳಿಕೊಡ್ಬೇಕಿತ್ತು, ಆಗ್ಲಿಲ್ಲ. ತಂಗಿ ಜೊತೇಲಾದ್ರೂ ಕಲೀಲಿ."

ಹುಡುಗಿಯ ಕೆಳತುಟಿ ಮುಂದೆ ಬಂತು. ಅಳಲಿಲ್ಲ.

"ಇನ್ನೊಂದೇ ಸಲ ಕೇಳಿ ಮೇಡಂ," ಎಂದರು ಟೀಚರ್. "ಅದನ್ನೇ ಕೇಳಿ."

ಹೆಡ್‌ಮೇಡಂ ಕನ್ನಡಕದ ಮೇಲಿಂದ ನೋಡಿ, ಸ್ಲೇಟು ಮುಂದಕ್ಕೆ ತಳ್ಳಿ, ಎಂಬತ್ತು ಎಂದರು. ಹುಡುಗಿ ದುಂಡಗೆ ತೊಂಬತ್ತೆರಡು ಬರೆದಳು. ತಾಯಿ ಕಣ್ಣು ಮುಚ್ಚಿಕೊಂಡಳು.

"ನೋಡಿ," ಎಂದರು ಹೆಡ್‌ಮೇಡಂ.

"ಹೇಗೆ ಅಂತ ಹೇಳಮ್ಮ ಅವರಿಗೆ. ನಂಗೆ ಹೇಳಿದ ಹಾಗೇ ಹೇಳು."

ಹುಡುಗಿ ಹೇಳಿದಳು. ಮೊದಮೊದಲು ಚಪ್ಪಲಿಗೆ ಹೇಳಿದಳು, ತೊಟ್ಟಿಯ ನೀರು ಬರುವಷ್ಟರಲ್ಲಿ ಮೇಜಿಗೆ, ನೂರರಲ್ಲಿ ಎಂಟು ಬತ್ತುವ ಹೊತ್ತಿಗೆ ನೇರವಾಗಿ ಹೆಡ್‌ಮೇಡಂ ಮುಖಕ್ಕೇ ಹೇಳಿದಳು. ಹೆಡ್‌ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು. ಬಿಗಿ ಹೆಂಗಸು ನಿಜ, ಆದರೆ ಅವರೂ ಪಾಠ ಹೇಳುತ್ತಲೇ ತಲೆ ಬೆಳ್ಳಗಾದವರು. ಅವರ ತುಟಿ "ಒಂದ್‌ಬತ್ತು" ಎಂದು ಸದ್ದಿಲ್ಲದೆ ಅಂದು ನೋಡಿತು.

"ಸರಿ. ಆರು ಹತ್ತು ಸೇರಿದ್ರೆ ಏನಂತೀಯ?"

"ಅರವತ್ತು."

"ಏಳು ಹತ್ತು?"

"ಎಪ್ಪತ್ತು."

"ಎಂಟು ಹತ್ತು?"

"ಏಯ್ಟಿ," ಎಂದಳು ಹುಡುಗಿ.

"ನಮ್ಮ ಮಾತಲ್ಲಿ?"

ಹುಡುಗಿಯ ಬಾಯಿ ತೆರೆಯಿತು, ಹಾಗೇ ನಿಂತಿತು. "ಎಂ..." ಎಂದಳು. ತಾಯಿ ಏನೋ ಹೇಳಹೊರಟದ್ದನ್ನು ಟೀಚರ್ ಕೈಸನ್ನೆಯಿಂದ ತಡೆದರು. ಹುಡುಗಿ ಅಂಗೈಯಲ್ಲಿ ಸ್ಲೇಟನ್ನು ಗಸಗಸ ಒರೆಸಿ ಎಂಟರ ಪಕ್ಕ ಸೊನ್ನೆ ಬರೆದಳು. ಬರೆದದ್ದನ್ನು ದಿಟ್ಟಿಸಿ ನೋಡಿದಳು.

"ಅಯ್ಯೋ, ಇದು ಬತ್ತೇ ಇಲ್ಲ!" ಎಂದಳು, ಇಷ್ಟು ದಿನ ಮೋಸ ಹೋದವಳ ಸಿಟ್ಟಿನಲ್ಲಿ. "ಎಂಟು ಹತ್ತೂ ಹಂಗಂಗೇ ಇದೆ!"

"ಹಾಗಾದ್ರೆ ಎಂಬತ್ತೊಂಬತ್ತು?"

"ಅದ್ರಲ್ಲಿ ಒಂದು ಬತ್ತಿದೆ. ತೊಂಬತ್ತಾಗೋಕೆ ಒಂದೇ ಕಮ್ಮಿ."

"ಎಂಬತ್ತರಿಂದ ಐದು ಕಳೆದ್ರೆ?"

"ಎಪ್ಪತ್ತೈದು. ಅದೇನ್ಮಹಾ."

ತಾಯಿ ಎದ್ದುಬಿಟ್ಟಳು. ಎದ್ದು ಏನು ಮಾಡಬೇಕೆಂದು ತಿಳಿಯದೆ, ಟೀಚರ್ ಕಡೆ ತಿರುಗಿ, "ಇದು ನನ್ನ ಮಗಳು ಮೇಡಂ," ಎಂದಳು, ಅಲ್ಲಿದ್ದವರಿಗೆ ಅದು ಗೊತ್ತೇ ಇಲ್ಲವೇನೋ ಎಂಬಂತೆ. "ಒಬ್ಬಳೇ ಕೂತು ಇದನ್ನೆಲ್ಲ ಕಂಡುಹಿಡಿದಿದಾಳೆ." ನನ್ನ ಹುಡುಗಿ ಎಂದು ಹೇಳುವ ಆಸೆ ಟೀಚರಿಗೂ ಇತ್ತು. ಹೆತ್ತವಳು ಎದುರಿಗಿರುವಾಗ ಹೇಗೆ ಹೇಳುವುದೆಂದು ನುಂಗಿಕೊಂಡರು.

"ಮೂರನೇ ಕ್ಲಾಸಲ್ಲೇ ಇರ್ಲಿ," ಎಂದರು ಹೆಡ್‌ಮೇಡಂ, ಕನ್ನಡಕ ಹಾಕಿಕೊಳ್ಳುತ್ತ. "ಎರಡನೇ ಕ್ಲಾಸಿನ ಟೀಚರ್ ಪುಣ್ಯ ಮಾಡಿದಾರೆ, ಬಚಾವಾದ್ರು. ಹೋಗಮ್ಮ."

ಹುಡುಗಿ ಹೋಗಲಿಲ್ಲ. "ಮೇಡಂ, ತೊಂಬತ್ತರಲ್ಲಿ ತೊಂ ಅಂದ್ರೆ ಏನು?"

ಹೆಡ್‌ಮೇಡಂ ಟೀಚರನ್ನು ನೋಡಿದರು. ಟೀಚರ್ ಗೋಡೆಯ ಗಡಿಯಾರ ನೋಡಿದರು.

"ನಂಗೂ ಗೊತ್ತಿಲ್ಲ ಕಣೆ," ಎಂದರು ಹೆಡ್‌ಮೇಡಂ ಕೊನೆಗೆ.

"ಪರವಾಗಿಲ್ಲ ಮೇಡಂ," ಎಂದಳು ಹುಡುಗಿ, ತುಂಬ ಒಳ್ಳೆಯ ಮನಸ್ಸಿನಿಂದ. "ಸದ್ಯಕ್ಕೆ ಬಾಯಿಪಾಠ ಮಾಡಿಬಿಡಿ. ನಾನೂ ಹಂಗೇ ಮಾಡಿದೀನಿ."

ಹೆಡ್‌ಮೇಡಂ ಕೋಣೆಯಿಂದ ಅಷ್ಟು ದೊಡ್ಡ ನಗು ಕೇಳಿ ಆಯಾ ಬಾಗಿಲಿಗೆ ಬಂದು ನಿಂತಳು. ಹುಡುಗಿ ಅವಳ ಪಕ್ಕದಲ್ಲಿ ನುಸುಳಿ, ಸ್ಲೇಟನ್ನು ಎದೆಗವಚಿಕೊಂಡು ಪಡಸಾಲೆಯಲ್ಲಿ ನಡೆದಳು. ಎರಡನೆಯ ತರಗತಿಯ ಬಾಗಿಲು ತೆರೆದಿತ್ತು. ಮುಂದಿನ ಬೆಂಚಿನಲ್ಲಿದ್ದ ಉಂಡೆ ಅಕ್ಕನನ್ನು ಕಂಡವಳೇ ಸರಿದು ಕೂತು, ಪಕ್ಕದಲ್ಲಿ ಜಾಗ ಮಾಡಿ, ಬಾ ಎಂದು ತಟ್ಟಿ ತೋರಿಸಿದಳು. ಅಕ್ಕ ಒಂದು ಗಳಿಗೆ ನಿಂತಳು. ತಂಗಿಗೆ ದೊಡ್ಡವರ ಹಾಗೆ ತಲೆಯಾಡಿಸಿ, ಮುಂದಿನ ಬಾಗಿಲೊಳಗೆ ಹೋದಳು.