ಒಂದನೇ ನಂಬರಿನ ಸೀಸೆ

“ಯಾರೂ ಚಾ ಕುಡೀಬ್ಯಾಡ್ರಿ! ಇವತ್ತು ರಕ್ತ ಕೊಡೋ ದಿನ!”

ಕುರಿ ಕಾಯುವ ಗಾದ್ರಪ್ಪ ಜಗಳೂರಿನ ಓಣಿಗಳಲ್ಲಿ ಕೂಗುತ್ತ ಬಂದವನು ಡಾಕ್ಟರ ಮನೆಯ ಮುಂದೆ ತಟ್ಟನೆ ನಿಂತ. ಒಳಗೆ ಅಳು ಎದ್ದಿತ್ತು. ಹಿಂದಿನ ಸಂಜೆಯಷ್ಟೇ ಹೊನ್ನಾಳಿಯಿಂದ ಹುಟ್ಟೂರಿಗೆ ಬಂದಿದ್ದ ಡಾಕ್ಟರ್ ಪಂಚಾಕ್ಷರಪ್ಪನವರು ನಸುಕಿನಲ್ಲಿ ತೀರಿಕೊಂಡಿದ್ದರು.

ಮಧ್ಯಾಹ್ನಕ್ಕೆ ಮಣ್ಣು ಮಾಡುವುದೆಂದಾಯಿತು. ವಿಭೂತಿ ಹಚ್ಚಿ ಅವರನ್ನು ಪಡಸಾಲೆಯಲ್ಲಿ ಕೂರಿಸಿದ್ದರು. ಜೊತೆಗೆ ಬಂದಿದ್ದ ನರ್ಸ್ ಸರ್ವಮಂಗಳಮ್ಮ ಖಾಲಿ ಸೀಸೆಗಳ ಪೆಟ್ಟಿಗೆ ತಬ್ಬಿಕೊಂಡು ಅಳುತ್ತಿದ್ದಳು.

“ಒಂಬತ್ತು ವರ್ಷ ಆಗೈತೆ. ಇದೊಂದು ಸಲ ಊರೋರ ರಕ್ತ ತಗೊಂಡಿದ್ರೆ ಸಾಹೇಬ್ರ ಕೆಲಸ ಪೂರಾ ಆಗ್ತಿತ್ತು. ಎಣಿಸಾಕೆ ನಂಗೂ ಕಲಿಸ್ಯಾರೆ. ಈಗ ರಕ್ತ ಕೊಡ್ರಿ ಅಂತ ಯಾರನ್ನ ಕೇಳ್ಲಿ?”

ಬಾಗಿಲಲ್ಲಿದ್ದ ಮುದುಕಿ ಉಚ್ಚಂಗಮ್ಮ ಅದನ್ನು ಕೇಳಿಸಿಕೊಂಡಳು.

*

ಎಪ್ಪತ್ತಾರನೆಯ ಇಸವಿಯಲ್ಲಿ, ಮೊದಲ ಸಲ, ಸೂಜಿ ಕಂಡು ಕುರಿದೊಡ್ಡಿಯಲ್ಲಿ ಅಡಗಿದವಳು ಅವಳೇ. ಡಾಕ್ಟರು ಅಲ್ಲಿಗೇ ಬಂದು ಮೊದಲು ತಮ್ಮ ತೋಳನ್ನು ನರ್ಸಿಗೆ ಒಡ್ಡಿದ್ದರು.

“ಒಂದನೇ ನಂಬರಿನ ಸೀಸೆ ನಂದು. ಎರಡನೇದು ನಿಂದು, ಉಚ್ಚಂಗವ್ವ.”

ಆಮೇಲೆ ಅವಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು.

“ಅಯ್ಯೋ ಸಾಮಿ! ಇಷ್ಟೊಂದು ಕುರಿ ನನ್ನ ಮೈಯಾಗೆ ಅದಾವಾ!”

“ನಾನು ಬಿಳೀ ಕಣ ಎಣಿಸ್ತೀನಿ. ಅವು ಹೆಚ್ಚಾದೋರಿಗೇ ಎದೆಬ್ಯಾನೆ ಬರ್ತೈತೇನೋ ಅಂತ ಗುಮಾನಿ. ಹತ್ತು ವರ್ಷ ಬಿಡದಂಗೆ ಎಣಿಸಿದ್ರೆ ಗೊತ್ತಾಗ್ತೈತೆ.”

“ಒಂದು ಕುರಿ ತಪ್ಪಿದ್ರೂ ನಾ ಮನೀಗೆ ಹೋಗಾಕಿಲ್ಲ. ನೀವೂ ನಡುವೆ ಬಿಡಬ್ಯಾಡ್ರಿ ಮತ್ತೆ!”

*

ಉಚ್ಚಂಗಮ್ಮ ಒಳಗೆ ಬಂದಳು.

“ನರ್ಸಮ್ಮ, ಮಣ್ಣಾಗೋತನಕ ಯಾರೂ ಉಣ್ಣಾಕಿಲ್ಲ. ಬೆಳಗಿಂದ ಎಲ್ರೂ ಉಪಾಸ ಅದೀವಿ. ಸಾಹೇಬ್ರು ಕೇಳ್ತಿದ್ದುದೂ ಇದೇ ಅಲ್ವಾ? ಸೂಜಿ ತೆಗೀರಿ!”

ಡಾಕ್ಟರ ಅಣ್ಣ ಮಹೇಶ್ವರಪ್ಪ ಸಿಡಿದೆದ್ದರು. “ಹೆಣ ಮುಂದಿಟ್ಕೊಂಡು ರಕ್ತ ಚೆಲ್ತೀರಾ?”

“ಚೆಲ್ಲಾಕಲ್ಲ ಗೌಡ್ರೇ, ನಿಮ್ಮ ತಮ್ಮಗೆ ಕೊಡಾಕೆ. ನಿಮ್ದು ಎಷ್ಟನೇ ನಂಬರು?”

ಮಹೇಶ್ವರಪ್ಪ ತಮ್ಮನ ಪಕ್ಕ ಬಂದು ಕೂತರು.

“ನಲವತ್ತೊಂದು,” ಎಂದು ಅಂಗಿಯ ತೋಳು ಮೇಲೇರಿಸಿದರು.

ಗಾದ್ರಪ್ಪ ಮತ್ತೆ ಓಣಿಗೆ ಓಡಿದ. ಜನ ನುಗ್ಗಿ ಬಂದರು. “ತಳ್ಳಬ್ಯಾಡಲೇ, ನಿಂದು ಎಪ್ಪತ್ತು, ನಂದು ಹನ್ನೆರಡು!” ಅಳುವವರ ನಡುವೆಯೇ ನಗೆ ಎದ್ದಿತು. ಸರ್ವಮಂಗಳಮ್ಮ ಕಣ್ಣೊರೆಸಿಕೊಂಡು ಒಂದೊಂದೇ ಸೀಸೆ ತುಂಬಿದಳು. ಬದುಕಿದ್ದವರಲ್ಲಿ ಒಬ್ಬರೂ ತಪ್ಪಲಿಲ್ಲ.

ಮಧ್ಯಾಹ್ನ ಪೆಟ್ಟಿಗೆ ಮುಚ್ಚುವಾಗ ಒಂದನೇ ನಂಬರಿನ ಸೀಸೆ ಖಾಲಿ ಉಳಿದಿತ್ತು. ನರ್ಸ್ ಅದನ್ನು ತೆಗೆಯಲು ಹೋದಳು. ಉಚ್ಚಂಗಮ್ಮ ಅವಳ ಕೈ ಹಿಡಿದಳು. ಡಾಕ್ಟರ ಪಾದದ ಬಳಿಯಿದ್ದ ವಿಭೂತಿಯನ್ನು ಚಿಟಿಕೆಯಷ್ಟು ತೆಗೆದು ಸೀಸೆಗೆ ಉದುರಿಸಿ, ಅದರ ಜಾಗದಲ್ಲೇ ನಿಲ್ಲಿಸಿ ಕೈ ಮುಗಿದಳು.

“ಶಿವನೇ, ನಮ್ಮ ಎಣಿಕೆ ತಪ್ಪಲಿಲ್ಲ. ಈ ಜೀವಾನ ನಿನ್ನ ಹಿಂಡಿಗೆ ಸೇರಿಸ್ಕೊ. ನೆಮ್ಮದಿಯಾಗಿ ಇಟ್ಕೊಳ್ಳಪ್ಪ.”